ಹಿಟ್ಟಜ್ಜಿಯ ಉಪ್ಪಿನ ಅಳತೆ

ನಮ್ಮ ಶಿಶುವಿಹಾರದ ಆಯಾಗೆ ಮಕ್ಕಳು ಇಟ್ಟ ಹೆಸರು ಹಿಟ್ಟಜ್ಜಿ. ಮಧ್ಯಾಹ್ನದ ಅಡುಗೆ ಅವಳದು, ಮಕ್ಕಳು ಗೊಂಬೆ ಮಾಡಿ ಆಡುವ ಬಣ್ಣದ ಹಿಟ್ಟೂ ಅವಳದೇ. ಅಂಗಡಿಯ ಬಣ್ಣದ ಹಿಟ್ಟು ಎರಡೇ ದಿನಕ್ಕೆ ಒಣಗಿ ಪುಡಿಯಾಗುತ್ತದೆ. ಹಿಟ್ಟಜ್ಜಿ ಸೋಮವಾರ ಬೆಳಿಗ್ಗೆ ಮೈದಾ, ಉಪ್ಪು, ನೀರು, ಒಂದಿಷ್ಟು ಎಣ್ಣೆ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ತಿರುವಿ, ಮುದ್ದೆ ಬಾಣಲೆ ಬಿಟ್ಟು ಬಂದಾಗ ಇಳಿಸಿ, ಬಿಸಿ ಆರುವ ಮೊದಲೇ ಬಣ್ಣ ಹಾಕಿ ನಾದುತ್ತಿದ್ದಳು. ಅದು ವಾರವಿಡೀ ಮೆತ್ತಗಿರುತ್ತಿತ್ತು.

‘ಎರಡು ಲೋಟ ಹಿಟ್ಟಿಗೆ ಒಂದು ಲೋಟ ಉಪ್ಪು’ ಎಂದು ಚೀಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದವಳು ನಾನು, ಅಲ್ಲಿಯ ಟೀಚರ್. ಹಿಟ್ಟಜ್ಜಿ ಆ ಚೀಟಿಗೆ ಕವಡೆ ಕಿಮ್ಮತ್ತೂ ಕೊಟ್ಟವಳಲ್ಲ. ಬಾಯಿಗಿಟ್ಟ ಮಗು ಮುಖ ಹಿಂಡಿ ಉಗಿಯಬೇಕು, ಅಷ್ಟು ಉಪ್ಪಿರಬೇಕು ಎಂಬುದು ಅವಳ ಲೆಕ್ಕ. ಒಂದು ಚೂರು ನಾಲಿಗೆಗೆ ತಾಗಿಸಿ, ‘ಥೂ’ ಎಂದು ಉಗಿದು, “ಇನ್ನು ಯಾರೂ ತಿನ್ನಲ್ಲ ಬಿಡಿ ಟೀಚರ್” ಎನ್ನುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು.

ಆ ಸೋಮವಾರ ಒಬ್ಬಳು ತಿಂದಳು. ಮೂರು ವರ್ಷದವಳು, ಸೇರಿ ವಾರವೂ ಆಗಿರಲಿಲ್ಲ. ಮನೆಯಲ್ಲಿ ಉಪ್ಪಿನ ಡಬ್ಬಿಗೇ ಕೈ ಹಾಕಿ ನೆಕ್ಕುವ ಮಗುವಂತೆ, ಅದು ನಮಗೆ ಆಮೇಲೆ ಗೊತ್ತಾದ ಸಂಗತಿ. ಮೇಜಿನಡಿ ಕೂತು ನಿಂಬೆಹಣ್ಣಿನಷ್ಟು ಹಸಿರು ಮುದ್ದೆಯನ್ನು ಮುಗಿಸಿಬಿಟ್ಟಿದ್ದಳು. ಒಮ್ಮೆ ವಾಂತಿಯಾಯಿತು. ಆಮೇಲೆ ನೀರು, ಮತ್ತೆ ನೀರು ಎಂದಳು. ಸ್ವಲ್ಪ ಹೊತ್ತಿಗೆ ನನ್ನ ಹೆಗಲ ಮೇಲೆ ತೂಕಡಿಸತೊಡಗಿದಳು.

ಮಗುವನ್ನು ಎತ್ತಿಕೊಂಡು ಹಿಟ್ಟಜ್ಜಿಯ ಜೊತೆ ಆಟೋ ಹತ್ತಿದೆ. ಅರಳು ಹುರಿದಂತೆ ಮಾತಾಡುವ ಹೆಂಗಸು ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಹೆದರಿದ್ದಾಳೆ ಎಂದುಕೊಂಡೆ.

ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಮಗುವಿನ ಕಣ್ಣು, ನಾಡಿ ನೋಡಿ, “ಏನೇನು ಹಾಕಿದ್ರಿ ಅದಕ್ಕೆ?” ಎಂದು ಕೇಳಿದರು.

“ಎರಡಕ್ಕೆ ಒಂದು ಉಪ್ಪು ಸಾರ್. ನಾನೇ ಬರೆದುಕೊಟ್ಟ ಅಳತೆ. ತಿಂದಿದ್ದೂ ಒಂಚೂರು.” ಒಲೆಯ ಹತ್ತಿರ ಒಂದು ದಿನವೂ ನಿಂತವಳಲ್ಲ ನಾನು. ಆದರೂ ದೇವರಾಣೆ ಹಾಕುವವಳ ಹಾಗೆ ಹೇಳಿದೆ. ನಿಂಬೆಹಣ್ಣಿನಷ್ಟಿದ್ದದ್ದು ನನ್ನ ಬಾಯಲ್ಲಿ ಒಂಚೂರಾಯಿತು.

“ಹಾಗಿದ್ರೆ ಹೆದರಬೇಡಿ. ವಾಂತಿನೂ ಆಗಿದೆ. ನೀರು ಕುಡಿಸ್ತಾ ಇರಿ, ಸಂಜೆ ತನಕ ನೋಡೋಣ.”

ನಾನು ಎದ್ದೆ. ಹಿಟ್ಟಜ್ಜಿ ಏಳಲಿಲ್ಲ.

“ಡಾಕ್ಟ್ರೇ, ಟೀಚರ್ ಹೇಳಿದ್ದು ಸರಿಯಲ್ಲ.”

“ಮತ್ತೆಷ್ಟು ಹಾಕಿದ್ರಿ ಅಜ್ಜಿ?”

“ಒಂದು ಕೆಜಿ ಮೈದಾಕ್ಕೆ ಕೆಜಿಯ ಎರಡು ಉಪ್ಪಿನ ಪ್ಯಾಕೆಟ್ಟು ಒಡೆದೆ. ತಳದಲ್ಲಿ ಒಂದು ಹಿಡಿ ಉಳಿದಿರಬಹುದು.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನನಗೆ ರುಚಿ ತಿಳಿಯಲ್ಲ. ಒಂದು ಜ್ವರ ಬಂದು ಎದ್ದಾಗಿಂದ ಉಪ್ಪೂ ಒಂದೇ, ಮಣ್ಣೂ ಒಂದೇ. ಎಂಟು ತಿಂಗಳಾಯ್ತು. ಸಾಕೋ ಸಾಲದೋ ಗೊತ್ತಾಗದೆ ಸುರೀತಾ ಹೋದೆ. ಮಗು ತಿಂದದ್ದು ಚೂರಲ್ಲ, ಇಷ್ಟು ದಪ್ಪ ಉಂಡೆ.”

ಎಂಟು ತಿಂಗಳ ‘ಥೂ’ ಬರೀ ನಾಟಕವಾಗಿತ್ತು. ರುಚಿ ತಿಳಿಯದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವಳ ಕೂಳು ಆ ಒಲೆಯ ಮೇಲೇ ಬೇಯಬೇಕಿತ್ತು.

ಡಾಕ್ಟರು ಆಗಲೇ ಫೋನಿನಲ್ಲಿದ್ದರು. ದೊಡ್ಡಾಸ್ಪತ್ರೆಯ ಆಂಬ್ಯುಲೆನ್ಸಿನಲ್ಲಿ ಮಗುವಿನ ಬೆರಳುಗಳು ಸೆಟೆದು ಅದುರತೊಡಗಿದವು. ನಾನು ಅವಳ ಹೆಸರು ಕೂಗುತ್ತಲೇ ಇದ್ದೆ. ಹಿಟ್ಟಜ್ಜಿ ಆ ಬೆರಳುಗಳನ್ನು ಬಣ್ಣ ಹತ್ತಿದ ತನ್ನ ಅಂಗೈಯಲ್ಲಿ ಹಿಡಿದು, ಒಂದೊಂದಾಗಿ ಬಿಡಿಸುತ್ತಿದ್ದಳು. ಬಿಡಿಸಿದ್ದು ಮತ್ತೆ ಮಡಚಿಕೊಳ್ಳುತ್ತಿತ್ತು.

ಫೋನಿಗೆ ಓಡಿಬಂದ ತಾಯಿಯನ್ನಷ್ಟೇ ಒಳಗೆ ಬಿಟ್ಟು ವಾರ್ಡಿನ ಬಾಗಿಲು ಮುಚ್ಚಿದರು. ಹೊರಗಿನ ಬೆಂಚಿನ ಮೇಲೆ ಎರಡು ಗಂಟೆ ಕೂತೆವು. ಸುಮ್ಮನಿರಲಾಗದೆ ಕೇಳಿದೆ: “ಮಧ್ಯಾಹ್ನದ ಅಡುಗೆಗೆ ಉಪ್ಪು ಅಷ್ಟು ಸರಿಯಾಗಿ ಹೇಗೆ ಹಾಕ್ತಿದ್ರಿ?”

“ಮೊದಲ ತುತ್ತು ತಿನ್ನೋ ಮಗು ಮುಖ ನೋಡ್ತಿದ್ದೆ ಟೀಚರ್. ಸಪ್ಪೆಯಾದ್ರೆ ಹುಬ್ಬು ಒಂಥರ, ಜಾಸ್ತಿಯಾದ್ರೆ ಒಂಥರ. ಈ ಹಾಳು ಹಿಟ್ಟಿಗೆ ಯಾರ ಮುಖ ನೋಡ್ಲಿ?”

ಹೆಡ್ ಮಿಸ್ ಓಡಿಬಂದರು, ಎಲ್ಲ ಕೇಳಿದರು. “ನಾಳೆಯಿಂದ ಅಡುಗೆಮನೆಗೆ ಬರಬೇಡಿ” ಎಂದರು.

“ಉಪ್ಪು ತಿಂದದ್ದು ಮಗು. ನೀರು ಕುಡೀಬೇಕಾದವಳು ನಾನು. ಆಯ್ತಮ್ಮ” ಎಂದಳು ಹಿಟ್ಟಜ್ಜಿ. ಅವಳ ಕಣ್ಣು ಮಾತ್ರ ವಾರ್ಡಿನ ಬಾಗಿಲ ಮೇಲೇ ಇತ್ತು.

ಸಂಜೆ ಐದಕ್ಕೆ ಮಗುವಿನ ತಾಯಿ ಹೊರಗೆ ಬಂದಳು. ರಕ್ತದಲ್ಲಿ ಉಪ್ಪು ಇಳಿಯುತ್ತಿದೆ, ಮಗು ಕಣ್ಣು ಬಿಟ್ಟು ಅಮ್ಮಾ ಎಂದಿತು ಎಂದು ಅತ್ತಳು. ಅಜ್ಜಿ ಉಪ್ಪಿನ ಸರಿಯಾದ ಅಳತೆ ಹೇಳದೆ ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದ್ದರಂತೆ. ನೇರ ಹಿಟ್ಟಜ್ಜಿಯ ಹತ್ತಿರ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು.

“ನೀವು ನಿಜ ಹೇಳಿದ್ದಕ್ಕೆ ನನ್ನ ಮಗು ಉಳೀತು.”

ತಲೆಯಾಡಿಸಿದ್ದರೆ ಸಾಕಿತ್ತು. ಹಿಟ್ಟಜ್ಜಿ ಕೈ ಬಿಡಿಸಿಕೊಂಡಳು.

“ಆಟೋದಲ್ಲೇ ಹೇಳಬಹುದಿತ್ತು ತಾಯಿ. ಹೇಳೋದು ಬೇಡ ಅಂತಾನೇ ಕೂತಿದ್ದೆ. ಕೆಲಸ ಹೋಗ್ತದಲ್ಲ ಅಂತ.”

ತಾಯಿ ಅವಳನ್ನೇ ನೋಡುತ್ತ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಕೈ ಹಿಡಿದು, “ತಕ್ಷಣ ಕರ್ಕೊಂಡು ಬಂದ್ರಲ್ಲ ಟೀಚರ್, ನಿಮ್ಮ ಉಪಕಾರ ಮರೆಯಲ್ಲ” ಎಂದಳು.

“ಪರವಾಗಿಲ್ಲ” ಎಂದೆ ನಾನು.