ಮಾವನವರಿಗೆ ಮೂರು ಪ್ರಾಣ

ನನ್ನ ಮೈದುನ ಕಡೂರಿನಲ್ಲಿ ಮದುವೆ, ನಾಮಕರಣಗಳ ವಿಡಿಯೋ ತೆಗೆಯುತ್ತಾನೆ. ಮದುವೆಗಳಿಲ್ಲದ ಆಷಾಢದಲ್ಲಿ ಅವನ ತಲೆಗೆ ಏನಾದರೊಂದು ಹೊಗುತ್ತದೆ. ಆ ವರ್ಷ ಹೊಕ್ಕಿದ್ದು ಸಿನಿಮಾ. ಆಗ ಊರಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಮೊಬೈಲಿನಲ್ಲಿ ಒಂದೇ ಆಟ ಆಡುತ್ತಿದ್ದರು. ಒಬ್ಬ ಮನುಷ್ಯ ಗೋಡೆಗಳ ಮೇಲೆ ಓಡುತ್ತಾನೆ, ಹೊಂಡ ಹಾರುತ್ತಾನೆ, ದಾರಿಯುದ್ದಕ್ಕೂ ಚಿನ್ನದ ನಾಣ್ಯ ಬಾಚಿಕೊಳ್ಳುತ್ತಾನೆ. ಬಿದ್ದರೆ ಸಾಯುತ್ತಾನೆ. ಆದರೆ ಅವನಿಗೆ ಮೂರು ಪ್ರಾಣ. ಸತ್ತಲ್ಲೇ ಎದ್ದು ಮತ್ತೆ ಓಡುತ್ತಾನೆ. ಇದನ್ನು ಮನೆಮಂದಿಯೆಲ್ಲ ಕೂತು ನೋಡುವಂಥ ಸಾಹಸ ಚಿತ್ರ ಮಾಡುತ್ತೇನೆಂದು ಮೈದುನ ಹೊರಟ.

ನಾಯಕನ ಪಾತ್ರವನ್ನು ಮಾವನವರು ಯಾರಿಗೂ ಬಿಟ್ಟುಕೊಡಲಿಲ್ಲ. ಅರವತ್ತು ದಾಟಿದವರು, ಕಡೂರಿನಲ್ಲಿ ತೆಂಗಿನಕಾಯಿ ಮಂಡಿ ಇಟ್ಟವರು. "ಈ ಮನೇಲಿ ಆ ಆಟದಾಗೆ ನನ್ನಷ್ಟು ದೂರ ಓಡಿರೋರು ಯಾರಿದೀರಿ, ಹೇಳ್ರೋ" ಎಂದರು. ಯಾರೂ ಓಡಿರಲಿಲ್ಲ. ನಾನು ತರೀಕೆರೆಯಲ್ಲಿ ಕನ್ನಡ ಮೇಷ್ಟ್ರಮ್ಮ, ಆದ್ದರಿಂದ ಕತೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಆಟದಲ್ಲಿ ಕತೆಯೇ ಇರಲಿಲ್ಲ. ಆ ಮನುಷ್ಯ ಯಾಕೆ ಓಡುತ್ತಾನೆ ಎಂದು ನಾನು ವಾರಗಟ್ಟಲೆ ಯೋಚಿಸಿದೆ. ಕೊನೆಗೆ ಅತ್ತೆಯೇ ಒಗ್ಗರಣೆ ಹಾಕುತ್ತಾ ದಾರಿ ತೋರಿಸಿದರು. "ಸಾರಿಗೆ ಕಾಯಿ ತರಾಕೆ ಹೆಂಡ್ತಿ ಕಳ್ಸಿದಾಳೆ ಅಂತ ಬರಿಯಮ್ಮ. ತಡ ಮಾಡಿದ್ರೆ ಬೈತಾಳೆ. ಅದ್ಕೇ ಓಡ್ತಾನೆ." ಅಷ್ಟು ಗಟ್ಟಿಯಾದ ಕಾರಣ ನನಗೆ ಹೊಳೆದೇ ಇರಲಿಲ್ಲ. ಚಿನ್ನದ ನಾಣ್ಯಗಳ ಜಾಗಕ್ಕೆ ತೆಂಗಿನಕಾಯಿ ಬಂದವು.

ಅತ್ತೆಯ ತಕರಾರು ಬೇರೆ ಕಡೆ ಇತ್ತು. "ಸತ್ತೋರನ್ನ ಬಿದ್ದಲ್ಲೇ ಬಿಟ್ಟು ಮತ್ತೆ ಓಡ್ಸೋದೇನೋ? ನಾವೇನು ದಿಕ್ಕಿಲ್ಲದೋರಾ?" ಎಂದು ಮಗನನ್ನು ದಬಾಯಿಸಿದರು. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಬಳಿದು, ಹಾರ ಹಾಕುತ್ತೇವೆ. ಪ್ರತಿ ಪ್ರಾಣ ಹೋದಾಗಲೂ ಇಷ್ಟಾದರೂ ಆಗಲೇಬೇಕು ಎಂದರು. ಮೈದುನ ಒಪ್ಪಿದ. ಒಪ್ಪದಿದ್ದರೆ ಚಿತ್ರೀಕರಣಕ್ಕೆ ಊಟ ಬರುತ್ತಿರಲಿಲ್ಲ.

ಅಮೃತಾಪುರದ ಹತ್ತಿರ ಪರಿಚಯದವರ ತೋಟದಲ್ಲಿ ಶುರು ಮಾಡಿದೆವು. ಮಧ್ಯೆ ರಿಂಗಣಿಸಬಾರದೆಂದು ಮೈದುನ ಎಲ್ಲರ ಮೊಬೈಲೂ ಆರಿಸಿ ಚೀಲಕ್ಕೆ ಹಾಕಿಕೊಂಡ. ಹಳದಿ ಟೀ ಶರ್ಟು, ಮೊಣಕಾಲಿಗೆ ಪ್ಯಾಡು ಕಟ್ಟಿಕೊಂಡ ಮಾವನವರು ಕಲ್ಲುಗೋಡೆಯ ಮೇಲೆ ಓಡಿಬಂದರು. ಆದರೆ ಮೊದಲ ತೆಂಗಿನಕಾಯಿ ಸಿಕ್ಕ ಕೂಡಲೇ ನಿಂತುಬಿಟ್ಟರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಅಪ್ಪಾ, ನಿಲ್ಬೇಡ! ಓಡ್ತಾ ಓಡ್ತಾನೇ ತಗೋಬೇಕು!"

"ನೀರೈತೋ ಇಲ್ವೋ ನೋಡ್ದೆ ಹೆಂಗೋ ತಗಳಾದು?"

ಮಂಡಿಯ ಅಭ್ಯಾಸ ಬಿಡಿಸಲು ಆಗಲೇ ಇಲ್ಲ. ಜಗತ್ತಿನಲ್ಲಿ ಎಲ್ಲೂ ಇಲ್ಲದಷ್ಟು ನಿಧಾನದ ಸಾಹಸಿ ಅವರು. ಎರಡು ಕಾಯಿಗಳನ್ನು ಕೊಳೆತಿವೆ ಎಂದು ಬದಿಗೂ ಎಸೆದರು.

ಮಧ್ಯಾಹ್ನದ ಹೊತ್ತಿಗೆ ಮೊದಲ ಪ್ರಾಣ ಹೋಯಿತು. ಹುಲ್ಲು ತುಂಬಿದ ಗುಂಡಿಗೆ ಸರಿಯಾಗೇ ಬಿದ್ದರು. ಅತ್ತೆ ಹೇಳಿದಂತೆ ಪಂಪ್‌ಹೌಸಿನ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಬಳಿದು ಹಾರ ಹಾಕಿದೆವು. ಆದರೆ ಬಿಸಿಲು ಮರೆಯಾಗಿ ಮೋಡ ಕವಿಯಿತು. ಬೆಳಕು ಬರಲೆಂದು ಕಾಯುತ್ತಾ ಮಾವನವರು ಕೂತಲ್ಲೇ ನಿದ್ದೆ ಹೋದರು. ದಾರಿಹೋಕರೊಬ್ಬರು ಬೇಲಿಯಾಚೆಯಿಂದ ಅದನ್ನು ನೋಡಿ, ಕೈಮುಗಿದು, ಫೋಟೋ ತೆಗೆದುಕೊಂಡು ಹೋದದ್ದು ನಮಗೆ ಗೊತ್ತಾಗಲಿಲ್ಲ. ಆ ಫೋಟೋ ತೋಟದ ಹೆಸರಿನ ಸಮೇತ ನೆಂಟರ ವಾಟ್ಸಾಪ್ ಗುಂಪಿಗೆ ತಲುಪಿದ್ದೂ, ನಮ್ಮೆಲ್ಲರ ಮೊಬೈಲಿಗೆ ಕರೆಯ ಮೇಲೆ ಕರೆ ಮಾಡಿ ನೆಂಟರು ಸೋತದ್ದೂ ಆಮೇಲೆ ತಿಳಿಯಿತು.

ಬಿಸಿಲು ಬಂದ ಮೇಲೆ ಮೈದುನ ಅಪ್ಪನನ್ನು ಎಬ್ಬಿಸಿ, "ಆಕ್ಷನ್ ಅಂದ್ಮೇಲೆ ಕಣ್ಣು ಬಿಡಂಗಿಲ್ಲ" ಎಂದು ಎಚ್ಚರಿಸಿ ಕ್ಯಾಮೆರಾ ಓಡಿಸಿದ. ಅಷ್ಟರಲ್ಲಿ ನೆಂಟರ ಊರಾದ ಶಿವನಿಯಿಂದ ಒಂದು ಟೆಂಪೋ ಬಂದು ನಿಂತಿತು. ಇಳಿದವರು ಮಾವನವರ ಅಕ್ಕ, ಹಿಂದೆ ಹಾರ ಹಿಡಿದ ಹತ್ತಾರು ನೆಂಟರು. ನಾನು ಬಾಯಿ ತೆರೆಯುವ ಮೊದಲೇ ಆಕೆ ಓಡಿಬಂದು ತಮ್ಮನ ಕಾಲ ಮೇಲೆ ಬಿದ್ದರು.

"ನನ್ನ ಬಿಟ್ಟು ಹೋದ್ಯೇನೋ ತಮ್ಮಾ! ಸೊಂಟದ ಮ್ಯಾಲೆ ಹೊತ್ತು ಸಾಕಿದ್ನಲ್ಲೋ! ರೈಲು ಕೂಗಿದ್ರೆ ನನ್ನ ಸೆರಗಿನಾಗೆ ಅವುಸ್ಕಳ್ತಿದ್ದೆಯಲ್ಲೋ!"

ಹೆಂಗಸರೆಲ್ಲ ದನಿಗೂಡಿಸಿದರು. ಅತ್ತೆಗೂ ದುಃಖ ಉಕ್ಕಿ, ಗಂಡ ಬದುಕಿದ್ದಾರೆಂದು ಗೊತ್ತಿದ್ದೂ ಅಳತೊಡಗಿದರು. ನಾನು ಮುಂದೆ ಹೋಗಬೇಕೆಂದುಕೊಂಡೆ. ಆದರೆ ಅಳುವ ಹೆಂಗಸರ ಮಧ್ಯೆ ಕಾಲಿಡಲು ಜಾಗವಿರಲಿಲ್ಲ. ಮೈದುನ ಕ್ಯಾಮೆರಾ ನಿಲ್ಲಿಸಲಿಲ್ಲ. ಅಕ್ಕನನ್ನು ಮಗನೇ ಪಾತ್ರಕ್ಕೆ ಕರೆಸಿದ್ದಾನೆ ಎಂದುಕೊಂಡ ಮಾವನವರು ರೆಪ್ಪೆಯನ್ನೂ ಅಲುಗಿಸಲಿಲ್ಲ.

"ಏಳ್ನೇ ಕ್ಲಾಸ್ ತಂಕ ಬೆರಳು ಚೀಪ್ತಿದ್ದ ನನ್ನ ಕಂದಾ..."

ಮಾವನವರು ಒಂದು ಕಣ್ಣು ಬಿಟ್ಟರು. "ಐದ್ನೇ ಕ್ಲಾಸು ಕಣಕ್ಕಾ."

ಹಾರ ಹಿಡಿದವರು ತೋಟದಲ್ಲಿ ದಿಕ್ಕಾಪಾಲಾದರು. ಅಕ್ಕ ಮಾತ್ರ ಜಾಗ ಬಿಡಲಿಲ್ಲ. ತಮ್ಮನ ಕೆನ್ನೆಗೆ ಒಂದು ಬಿಗಿದು, "ಲೇ, ಸತ್ತಿದೀಯೋ ಬದುಕಿದೀಯೋ? ಯಾವ್ದಾದ್ರೂ ಒಂದು ಹೇಳೋ!" ಎಂದು ಕೂಗಿದರು.

"ಇನ್ನೂ ಎರಡು ಪ್ರಾಣ ಐತೆ" ಎಂದರು ಮಾವನವರು, ತುಂಬ ವಿನಯದಿಂದ.

ಆಕೆ ಅಲ್ಲೇ ಕುಸಿದು ಕೂತು, ಅಳುತ್ತಲೇ ನಗತೊಡಗಿದರು. ನನಗೂ ನಗು ತಡೆಯಲಾಗಲಿಲ್ಲ. ಜೊತೆಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಬಂದವರಿಗೆಲ್ಲ ಅತ್ತೆ ಅನ್ನ ಸಾರು ಮಾಡಿ ಬಡಿಸಿದರು. ಸಾವಿನ ಊಟವೋ ಸಿನಿಮಾದ ಊಟವೋ ಎಂದು ಯಾರೂ ಕೇಳಲಿಲ್ಲ.

ಬೆರಳು ಚೀಪಿದ ಮಾತನ್ನು ಕತ್ತರಿಸಬೇಕೆಂದು ಮಾವನವರು ಪಟ್ಟು ಹಿಡಿದರು. ಕತ್ತರಿಸಿದರೆ ತಾನು ನೋಡಲು ಬರುವುದೇ ಇಲ್ಲ ಎಂದು ಅಕ್ಕ ಫೋನು ಮಾಡಿದರು. ಮಾತು ಉಳಿಯಿತು.

ಅಜ್ಜಂಪುರದ ಸಮುದಾಯ ಭವನದಲ್ಲಿ, ಕಿಟಕಿಗಳಿಗೆ ಜಮಖಾನ ಕಟ್ಟಿ, ಭಾನುವಾರ ಮಧ್ಯಾಹ್ನ ಚಿತ್ರ ತೋರಿಸಿದೆವು. ನಾಯಕ ಕಾಯಿ ಅಲ್ಲಾಡಿಸುವುದನ್ನು ನೋಡಿ ಬೇಸತ್ತ ಮಕ್ಕಳು ಹೊರಗೆ ಹೋಗಿ ಮೊಬೈಲಿನಲ್ಲಿ ಅದೇ ಆಟ ಆಡತೊಡಗಿದರು. ದೊಡ್ಡವರು ಮಾತ್ರ ಕದಲಲಿಲ್ಲ. ಅಳುವ ದೃಶ್ಯವನ್ನು ಎರಡು ಸಲ ಹಾಕಿಸಿಕೊಂಡು ಅತ್ತರು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕಣ್ಣೊರೆಸಿಕೊಂಡು ನನಗೆ ಸಮಾಧಾನ ಹೇಳಿದರು: "ಒಳ್ಳೆ ಮನುಷ್ಯ ಇದ್ದ ಕಣಮ್ಮ. ಏನ್ ಮಾಡಾಕಾಯ್ತದೆ." ಮಾವನವರು ಮುಂದಿನ ಸಾಲಿನಲ್ಲೇ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದರು.

ಅಕ್ಕ ಪರದೆಯನ್ನು ಹೆಚ್ಚು ನೋಡಲಿಲ್ಲ. ತಮ್ಮನ ಪಕ್ಕದಲ್ಲಿ ಕೂತು, ಪರದೆಯ ಮೇಲೆ ಅವರು ಸತ್ತಾಗಲೆಲ್ಲ ತೋಳು ಚಿವುಟಿ ನೋಡುತ್ತಿದ್ದರು. ಮಾವನವರು ತೋಳು ಎಳೆದುಕೊಳ್ಳಲಿಲ್ಲ. ಭವನದಿಂದ ಹೊರಗೆ ಬಂದಾಗ ನೋಡಿದೆ, ಮೊಣಕೈಯಿಂದ ಭುಜದವರೆಗೂ ಕೆಂಪಗೆ ಬಾತುಕೊಂಡಿತ್ತು.