ಬಾಗಿಲ ಮುಂದಿನ ಎರಡು ಮೆಟ್ಟಿಲು

ನಾನು ಮದುವೆಯಾಗಿ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಲೈನು ಮನೆಗೆ, ಕೆಲಸಗಾರರ ಸಾಲುಮನೆಗೆ ಬಂದ ಎರಡನೆಯ ವರ್ಷ. ಮಾವನವರು ಗಣಿಯೊಳಗೆ ಇಳಿದು ಕೆಲಸ ಮಾಡುವವರು. ಒಂದು ದಿನ ಏಣಿ ಹತ್ತುವಾಗ ಎದೆ ಹಿಡಿದುಕೊಂಡಿತು. ಆಸ್ಪತ್ರೆಯಲ್ಲಿ ಮಲಗಿಸಿ, ಕೈಕಾಲಿಗೆ ತಂತಿ ಕಟ್ಟಿ, ಎದೆಬಡಿತವನ್ನು ಕಾಗದದ ಮೇಲೆ ಬರೆಸಿದರು. ಏನೂ ಕಾಣಲಿಲ್ಲ. ಮುಂದಿನ ವಾರ ಬನ್ನಿ, ಎರಡು ಮೆಟ್ಟಿಲು ಹತ್ತಿಸಿ ಇಳಿಸುತ್ತೇವೆ, ದಣಿದ ಎದೆ ಏನು ಬರೆಯುತ್ತದೋ ನೋಡೋಣ ಎಂದರು ಡಾಕ್ಟರು.

ಮಾವನವರಿಗೆ ನಗು. "ಪಾತಾಳಕ್ಕಿಳ್ದು ಬರೋನ್ಗೆ ಎರಡ್ ಮೆಟ್ಲು ಅತ್ತಿಸ್ತಾರಂತೆ, ಕೂಸ್ಗೆ ನಡ್ಯೋದು ಕಲ್ಸ್ದಂಗೆ."

ನಕ್ಕರೂ ಒಳಗೆ ಭಯವಿತ್ತು ನೋಡಿ. ಸೋತರೆ ಗಣಿಗಿಳಿಸದೆ ನೆಲದ ಮೇಲಿನ ಕೆಲಸಕ್ಕೆ ಹಾಕಿಬಿಡುತ್ತಾರೆ. ಜೊತೆಯವರೆಲ್ಲ ಕೆಳಗಿಳಿಯುವುದನ್ನು ನಿಂತು ನೋಡಬೇಕು. ಅದಕ್ಕೇ ಪರೀಕ್ಷೆಗೆ ಓದುವವರ ಹಾಗೆ ಅಭ್ಯಾಸ ಶುರುಮಾಡಿದರು. ನಮ್ಮ ಬಾಗಿಲಿಗೆ ಇದ್ದದ್ದು ಒಂದೇ ಮೆಟ್ಟಿಲು. ಇನ್ನೊಂದಕ್ಕೆ ನಲ್ಲಿಯ ಹತ್ತಿರದ ಒಗೆಯುವ ಕಲ್ಲನ್ನು ಎಳೆದು ತಂದೆವು, ನಾನೂ ಕೈಹಾಕಿದೆ. ಅತ್ತೆ ನಾದಿನಿಯ ಎರಡನೆಯ ಬಾಣಂತನಕ್ಕೆ ಬಂಗಾರಪೇಟೆಗೆ ಹೋಗಿದ್ದರು. ನನ್ನ ಗಂಡ ಪಾಳಿಗೆ ಹೋದ ಮೇಲೆ ಹತ್ತಿಳಿದದ್ದನ್ನು ಎಣಿಸುವವಳು ನಾನೇ.

ಮೂರನೆಯ ದಿನ ಹನ್ನೆರಡು ಎನ್ನುವಷ್ಟರಲ್ಲಿ ನಿಂತುಬಿಟ್ಟರು. ಎದೆ ಉಜ್ಜಿಕೊಂಡರು, ಹಣೆಯೆಲ್ಲ ಬೆವರು. ನೀರು ಕೊಟ್ಟೆ.

"ನಿಮ್ಮತ್ತೆಗೆ ಯೋಳ್ಬ್ಯಾಡ ಕಣಮ್ಮಾ. ಡಾಕ್ಟ್ರಿಗೂನೂ."

ಹೂಂ ಅಂದೆ.

ಆಸ್ಪತ್ರೆಗೆ ಜೊತೆಗೆ ಹೋದವಳೂ ನಾನೇ. ಮಾವನವರು ಅಳೆದು ತೂಗಿ ಹತ್ತಿಳಿದರು, ನೋವಿಲ್ಲವೆಂದರು. ಹೊರಬಂದ ಕಾಗದವನ್ನು ಡಾಕ್ಟರು ಬಹಳ ಹೊತ್ತು ನೋಡಿದರು. ಗೆರೆ ಚೂರು ಇಳಿದಂತಿದೆ, ಇದೊಂದನ್ನೇ ನಂಬಿ ಹೇಳಲಾಗದು ಎಂದು ನನ್ನ ಕಡೆ ತಿರುಗಿದರು.

"ಮನೇಲಿ ಯಾವಾಗಾದ್ರೂ ಎದೆ ಹಿಡ್ಕೊಂಡು ನಿಂತಿದ್ದು ನೋಡಿದೀಯೇನಮ್ಮಾ?"

ಮಾವನವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಬೆರಳು ಅಲ್ಲೇ ನಿಂತಿತು.

"ಇಲ್ಲ ಸಾರ್," ಅಂದೆ.

ಬರುವಾಗ ಆಂಡರ್ಸನ್‌ಪೇಟೆಯಲ್ಲಿ ನನಗೆ ಇಷ್ಟವೆಂದು ಮಸಾಲೆ ವಡೆ ಕೊಡಿಸಿದರು. ಕೆಲಸಕ್ಕೆ ಅಡ್ಡಿಯಿಲ್ಲವೆಂದು ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಮಾರನೆಯ ದಿನವೇ ಗಣಿಗಿಳಿದರು.

ತಿಂಗಳು ತುಂಬಿರಲಿಲ್ಲ. ಕೆಳಗೆ, ಕೆಲಸದ ನಡುವೆ ಕುಸಿದರಂತೆ. ಮೇಲೆ ತರುವಷ್ಟರಲ್ಲಿ ಉಸಿರು ಹೋಗಿತ್ತು.

ತಿಥಿಯ ಮಾರನೆಯ ದಿನ ಅತ್ತೆ ಬಾಗಿಲಲ್ಲಿ ಕೂತು ಆ ಕಲ್ಲನ್ನೇ ನೋಡುತ್ತಿದ್ದರು. ಯಾಕೆ ಇಲ್ಲಿಗೆ ಬಂತೆಂದರು. ಬಟ್ಟೆ ಒಗೆಯುವುದಕ್ಕೆ ಅಂದೆ.

"ನಾನಿಲ್ದಾಗ ಅವ್ರ್ಗೆ ಎದೆನೋವು ಬಂದಿತ್ತೇನಮ್ಮಾ?"

"ಇಲ್ಲ ಅತ್ತೆ."

ಅವರು ಎದ್ದು ಒಳಗೆ ಹೋದ ಮೇಲೆ ಆ ಕಲ್ಲನ್ನು ನಲ್ಲಿಯ ಹತ್ತಿರಕ್ಕೆ ನಾನೊಬ್ಬಳೇ ಎಳೆದೆ. ಇಬ್ಬರು ಎಳೆದು ತಂದಿದ್ದ ಕಲ್ಲು ಅದು.