ಪರದೆಯ ಮೂಲೆಯಲ್ಲೊಂದು ಪೇರಲಹಣ್ಣು

ಗೆಳೆಯರೇ, ನಾನು ಪಾಠ ಮಾಡುವ ಶಾಲೆಯಲ್ಲಿ ಇವತ್ತು ಮಕ್ಕಳಿಗೆ ಹಳೆಯದೊಂದು ಸಾಕ್ಷ್ಯಚಿತ್ರ ತೋರಿಸಿದೆವು. ಹನುಮಸಾಗರದ ಕಡೆ ಶಾಲೆ ಬಿಟ್ಟು, ಬೀಜದ ಹತ್ತಿಯ ಹೊಲದಲ್ಲಿ ಪರಾಗ ತಾಗಿಸಲು ಹೂವಿಗೆ ಹೂವು ಉಜ್ಜುವ ಕೂಲಿಗೆ ಹೋಗುತ್ತಿದ್ದ ಹುಡುಗಿಯರ ಕತೆ. ಅದರಲ್ಲಿ ಹತ್ತು ವರ್ಷದ ನಾನಿದ್ದೇನೆ. ಹೂವಿನ ಪುಡಿ ಮೆತ್ತಿದ ಹಳದಿ ಬೆರಳಲ್ಲೇ ಕಣ್ಣೊರೆಸಿಕೊಳ್ಳುತ್ತೇನೆ. "ಕೈತಪ್ಪಿದ ಶಾಲೆಗಾಗಿ ಈ ಕಣ್ಣೀರು" ಎಂದು ಹಿನ್ನೆಲೆಯಲ್ಲಿ ಒಂದು ಗಂಭೀರ ಗಂಡುದನಿ. ಮಕ್ಕಳೆಲ್ಲ ನನ್ನತ್ತ ತಿರುಗಿದರು.

ಬಾಗಿಲಲ್ಲಿ ನಿಂತಿದ್ದ ಗಂಗವ್ವ ಕಿಸಕ್ಕನೆ ನಕ್ಕಳು. ಈಗ ನಮ್ಮ ಶಾಲೆಯ ಬಿಸಿಯೂಟ ಮಾಡುವವಳು, ಆಗ ಅದೇ ಹೊಲದಲ್ಲಿ ನನ್ನ ಜೋಡಿ.

"ಸುಳ್ಳ ಹೇಳ್ತಾನ ಅಂವ. ನಿನ್ನ ಪ್ಯಾರಲಹಣ್ಣು ನಾ ಕಸ್ಕೊಂಡಿದ್ದೆ, ಅದಕ್ಕ ಅತ್ತಿದ್ದಿ."

ನಿಜ. ಪರದೆಯ ಮೂಲೆಯಲ್ಲಿ, ಕಚ್ಚಿದ ಹಣ್ಣು ಹಿಡಿದ ಅವಳ ಕೈ ಒಂದು ಕ್ಷಣ ಕಾಣಿಸಿತು. ಬದುವಿನ ಆ ಗಿಡದ ಹಣ್ಣಿನ ರುಚಿ ನನಗೆ ಆಮೇಲೆಲ್ಲೂ ಸಿಕ್ಕಿಲ್ಲ. ಅವಳ ನಗು ನಿಲ್ಲದ್ದಕ್ಕೆ ಕ್ಯಾಮೆರಾದವರು "ನೀನು ಸ್ವಲ್ಪ ಆ ಕಡೆ ಹೋಗಮ್ಮ" ಎಂದಿದ್ದರು. ಚಿತ್ರ ನೋಡಿದ ಯಾರೋ ಪುಣ್ಯಾತ್ಮರು ಊರಿಗೆ ಬಂದು, ಅಳುತ್ತಿದ್ದ ಹುಡುಗಿಯನ್ನು ಹುಡುಕಿ ಹಾಸ್ಟೆಲ್ಲಿಗೆ ಸೇರಿಸಿದರು. ನಗುತ್ತಿದ್ದವಳನ್ನು ಯಾರೂ ಹುಡುಕಲಿಲ್ಲ.

ಊಟದ ಗಂಟೆ ಹೊಡೆಯಿತು. ಗಂಗವ್ವ ನನ್ನ ತಟ್ಟೆಗೆ ಸಾರು ಹಾಕುತ್ತ ಮತ್ತೆ ನಕ್ಕಳು.

"ಅವತ್ತು ಹಣ್ಣು ನೀ ಕಸ್ಕೊಂಡು ನಾ ಅತ್ತಿದ್ರ, ಈ ಸೌಟು ಇವತ್ತು ನಿನ್ನ ಕೈಯಾಗ ಇರ್ತಿತ್ತು ನೋಡವಾ."

ಸಾರಿಗೆ ಉಪ್ಪು ಕಡಿಮೆಯಿತ್ತು. ಆದರೂ ಇನ್ನೊಂದು ಸೌಟು ಹಾಕಿಸಿಕೊಂಡು ಉಂಡೆ.